ಬ್ಯಾಕಪ್ ಇದ್ದೂ ಫೈಲ್ ಹೋಯ್ತಾ? ಕ್ರಮ ತಪ್ಪದೆ ಬ್ಯಾಕಪ್ ಕಟ್ಟುವುದು ಹೇಗೆ: ಸಮಗ್ರ ಮಾರ್ಗದರ್ಶಿ

"ಬ್ಯಾಕಪ್ ಏನೋ ಇತ್ತು, ಆದ್ರೆ ಓಪನ್ ಆಗ್ತಿಲ್ಲ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಬ್ಯಾಕಪ್ ಬೇಕು ಅನ್ನುವುದು ಈಗ ಎಲ್ಲರಿಗೂ ಗೊತ್ತು. ಒಂದು ಡಿಸ್ಕ್ ಕೊಳ್ಳುತ್ತಾರೆ. ರಜೆಯ ದಿನ ಕೂತು ಎಲ್ಲವನ್ನೂ ಕಾಪಿ ಮಾಡುತ್ತಾರೆ. ಡಿಸ್ಕ್ ಡ್ರಾಯರ್ ಸೇರುತ್ತದೆ. ಒಂದೂವರೆ ವರ್ಷ ಬಿಟ್ಟು ಲ್ಯಾಪ್‌ಟಾಪ್ ಕೈಕೊಟ್ಟಾಗ ನೋಡಿದರೆ, ಅದರಲ್ಲಿರುವುದು ಒಂದೂವರೆ ವರ್ಷದ ಹಿಂದಿನ ಪ್ರಪಂಚ.

ಹೆಚ್ಚಿನವರು ಎಡವುವುದು ಕೆಲಸದ ಕ್ರಮದಲ್ಲಿ. ಡಿಸ್ಕ್ ಕೊಳ್ಳುವುದು ಮೂರನೇ ಕೆಲಸ. ಅದನ್ನೇ ಮೊದಲು ಮಾಡುತ್ತಾರೆ. ಫೈಲ್ ವಾಪಸ್ ತಂದು ನೋಡುವುದು ಕಟ್ಟಕಡೆಯ ಕೆಲಸ. ಅದನ್ನು ಮಾಡುವುದೇ ಇಲ್ಲ. ಹಾಗಾಗಿ ಇಲ್ಲಿರುವ ಹಂತಗಳನ್ನು ಹಿಂದೆ ಮುಂದೆ ಮಾಡಬೇಡಿ.

## ಕೈಯಲ್ಲಿ ಏನೇನಿರಬೇಕು

ಒಂದು ಕಾಗದ, ಒಂದು ಪೆನ್ನು. ತಮಾಷೆಯಲ್ಲ, ಮೊದಲ ಎರಡು ಹಂತಕ್ಕೆ ಇಷ್ಟೇ ಸಾಕು.

ಆಮೇಲೆ ಎರಡು ಎಕ್ಸ್‌ಟರ್ನಲ್ ಡಿಸ್ಕ್ ಬೇಕು. ನಿಮ್ಮ ಒಟ್ಟು ಡೇಟಾ ಎಷ್ಟಿದೆಯೋ ಅದರ ಎರಡರಷ್ಟಾದರೂ ಜಾಗ ಇರಲಿ. 400 ಜಿಬಿ ಡೇಟಾ ಇದ್ದರೆ 1 ಟಿಬಿ ಡಿಸ್ಕ್ ಸರಿ. ಹಳೆಯ ಆವೃತ್ತಿಗಳನ್ನೂ ಇಟ್ಟುಕೊಳ್ಳಬೇಕಲ್ಲ, ಅದಕ್ಕೆ ಆ ಹೆಚ್ಚಿನ ಜಾಗ. ಪೆನ್‌ಡ್ರೈವ್ ಮಾತ್ರ ಬೇಡ. ಫೈಲ್ ಸಾಗಿಸುವುದಕ್ಕೆ ಅದು ಸರಿ, ವರ್ಷಗಟ್ಟಲೆ ಇಡುವುದಕ್ಕಲ್ಲ.

ಜೊತೆಗೆ ಒಂದು ಕ್ಲೌಡ್ ಖಾತೆ, ಒಂದು ಬ್ಯಾಕಪ್ ಸಾಫ್ಟ್‌ವೇರ್. ಮ್ಯಾಕ್‌ನಲ್ಲಿ ಟೈಮ್ ಮಷೀನ್ ಇದ್ದೇ ಇದೆ. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ ಇದೆ. ಇನ್ನಷ್ಟು ಹಿಡಿತ ಬೇಕೆಂದರೆ ಡುಪ್ಲಿಕಾಟಿ ಅಥವಾ ರೆಸ್ಟಿಕ್ ಉಚಿತವಾಗಿ ಸಿಗುತ್ತವೆ. ರೆಸ್ಟಿಕ್‌ಗೆ ಬಟನ್ನು, ಕಿಟಕಿ ಏನೂ ಇಲ್ಲ. ಕಮಾಂಡ್ ಟೈಪ್ ಮಾಡಿ ಅಭ್ಯಾಸ ಇಲ್ಲದವರಿಗೆ ಡುಪ್ಲಿಕಾಟಿಯೇ ವಾಸಿ.

## ಹಂತ 1: ಏನು ಎಲ್ಲಿದೆ ಅಂತ ಪಟ್ಟಿ ಮಾಡಿ

ಅರ್ಧ ಗಂಟೆಯ ಕೆಲಸ. ಕಳೆದುಕೊಂಡರೆ ಮತ್ತೆ ಹುಟ್ಟಿಸಲು ಆಗದ್ದು ಏನೇನಿದೆ, ಬರೆಯಿರಿ. ಫೋಟೋ, ವಿಡಿಯೋ, ಮನೆಪತ್ರಗಳ ಸ್ಕ್ಯಾನ್, ಲೆಕ್ಕಪತ್ರ, ಗ್ರಾಹಕರ ಪಟ್ಟಿ, ಒಪ್ಪಂದಗಳು, ಅರ್ಧ ಬರೆದಿಟ್ಟ ಬರಹ. ಪ್ರತಿಯೊಂದರ ಮುಂದೆ ಅದು ಎಲ್ಲಿ ಕೂತಿದೆ ಅಂತ ಬರೆಯಿರಿ: ಫೋನಿನಲ್ಲಾ, ಲ್ಯಾಪ್‌ಟಾಪಿನಲ್ಲಾ, ಇಮೇಲ್‌ನಲ್ಲಾ, ಬೇರೆಯವರ ಕಂಪ್ಯೂಟರ್‌ನಲ್ಲಾ.

ಬರೆಯುತ್ತಾ ಹೋದಂತೆ ಅಚ್ಚರಿಗಳು ಕಾಣುತ್ತವೆ. ಡಾಕ್ಯುಮೆಂಟ್ಸ್ ಫೋಲ್ಡರ್ ಎಲ್ಲರಿಗೂ ನೆನಪಾಗುತ್ತದೆ. ಡೌನ್‌ಲೋಡ್ಸ್ ಫೋಲ್ಡರ್‌ನಲ್ಲೇ ಉಳಿದ ಮುಖ್ಯ ಪಿಡಿಎಫ್ ಯಾರಿಗೂ ನೆನಪಾಗುವುದಿಲ್ಲ. ಲೆಕ್ಕಪತ್ರದ ಸಾಫ್ಟ್‌ವೇರ್ ತನ್ನ ಡೇಟಾವನ್ನು ಬೇರೆಲ್ಲೋ ಒಂದು ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಅದರ ಸೆಟ್ಟಿಂಗ್ಸ್ ತೆರೆದು ಡೇಟಾ ಇರುವ ಜಾಗದ ಪೂರ್ತಿ ವಿಳಾಸ ಬರೆದುಕೊಳ್ಳಿ.

ನಾನೇ ಮಾಡಿದ ಎಡವಟ್ಟು ಕೇಳಿ. ಡೆಸ್ಕ್‌ಟಾಪ್ ಮೇಲಿದ್ದ ಎಲ್ಲವನ್ನೂ ಆಯ್ಕೆ ಮಾಡಿ ಡಿಸ್ಕ್‌ಗೆ ಎಳೆದು ಹಾಕಿದ್ದೆ. ಕ್ಷಣದಲ್ಲಿ ಕಾಪಿ ಆಯಿತು. ಹೊಸ ಡಿಸ್ಕ್ ಎಷ್ಟು ಫಾಸ್ಟ್ ಅಂತ ಖುಷಿಪಟ್ಟೆ! ತಿಂಗಳುಗಳ ನಂತರ ತೆರೆದು ನೋಡಿದರೆ ಒಂದೊಂದು ಫೈಲೂ ಎರಡು ಕೆಬಿ. ಐಕಾನ್‌ನ ಮೂಲೆಯಲ್ಲಿ ಪುಟ್ಟ ಬಾಣದ ಗುರುತು. ನಾನು ಕಾಪಿ ಮಾಡಿದ್ದು ಬರೀ ಶಾರ್ಟ್‌ಕಟ್‌ಗಳನ್ನು. ಅಸಲಿ ಫೈಲ್‌ಗಳು ಹಳೆಯ ಲ್ಯಾಪ್‌ಟಾಪ್ ಜೊತೆಗೇ ಹೋಗಿದ್ದವು.

ಕ್ಲೌಡ್ ಫೋಲ್ಡರ್‌ನಲ್ಲೂ ಇದೇ ಥರದ ಬಲೆ ಇದೆ. ಒನ್‌ಡ್ರೈವ್‌ನಲ್ಲಿ ಫೈಲ್ ಪಕ್ಕ ಮೋಡದ ಚಿತ್ರ ಕಂಡರೆ, ಆ ಫೈಲ್ ನಿಮ್ಮ ಕಂಪ್ಯೂಟರ್‌ನಲ್ಲಿ ಇಲ್ಲ, ಹೆಸರು ಮಾತ್ರ ಇದೆ ಎಂದರ್ಥ. ಕೆಲವು ಬ್ಯಾಕಪ್ ಸಾಫ್ಟ್‌ವೇರ್‌ಗಳು ಇಂಥ ಫೈಲ್‌ಗಳನ್ನು ಸದ್ದಿಲ್ಲದೆ ಬಿಟ್ಟು ಮುಂದೆ ಹೋಗುತ್ತವೆ. ಅಂಥವುಗಳ ಮೇಲೆ ರೈಟ್ ಕ್ಲಿಕ್ ಮಾಡಿ, ಸದಾ ಈ ಕಂಪ್ಯೂಟರ್‌ನಲ್ಲೇ ಇರಲಿ ಅನ್ನುವ ಆಯ್ಕೆ ಒತ್ತಿ.

## ಹಂತ 2: ಎಷ್ಟು ಕಳೆದುಕೊಂಡರೆ ತಡೆದುಕೊಳ್ಳಬಹುದು?

ಪಟ್ಟಿಯ ಪ್ರತಿ ಸಾಲಿಗೂ ಎರಡು ಪ್ರಶ್ನೆ. ಇವತ್ತು ಇದು ಹೋದರೆ ಎಷ್ಟು ದಿನದ ಕೆಲಸ ಮತ್ತೆ ಮಾಡಬಲ್ಲೆ? ಇದು ಇಲ್ಲದೆ ಎಷ್ಟು ದಿನ ತಳ್ಳಬಲ್ಲೆ?

ಹಳೆಯ ಫೋಟೋಗಳು ಬದಲಾಗುವುದಿಲ್ಲ, ವಾರಕ್ಕೊಮ್ಮೆ ಬ್ಯಾಕಪ್ ಆದರೂ ನಡೆಯುತ್ತದೆ. ದಿನಾ ಬಿಲ್ ಹಾಕುವ ಕಂಪ್ಯೂಟರ್‌ನಲ್ಲಿ ಒಂದು ದಿನದ ನಷ್ಟವೇ ದೊಡ್ಡ ತಲೆನೋವು. ಅಲ್ಲಿ ಗಂಟೆಗೊಮ್ಮೆ ಬೇಕು. ಎಲ್ಲಕ್ಕೂ ಒಂದೇ ವೇಳಾಪಟ್ಟಿ ಹಾಕಿದರೆ ಒಂದೋ ಜಾಗ ವ್ಯರ್ಥ, ಇಲ್ಲವೋ ಮುಖ್ಯವಾದದ್ದು ತಪ್ಪಿಹೋಗುತ್ತದೆ.

## ಹಂತ 3: ಮೂರು ಪ್ರತಿ, ಎರಡು ಸಾಧನ, ಒಂದು ದೂರದಲ್ಲಿ

ಇದಕ್ಕೆ 3-2-1 ನಿಯಮ ಅಂತಾರೆ. ಒಟ್ಟು ಮೂರು ಪ್ರತಿ, ನೀವು ದಿನಾ ಬಳಸುವುದೂ ಸೇರಿ. ಅವು ಕನಿಷ್ಠ ಎರಡು ಬೇರೆ ಬೇರೆ ಸಾಧನಗಳಲ್ಲಿರಬೇಕು. ಒಂದಾದರೂ ಬೇರೆ ಕಟ್ಟಡದಲ್ಲಿರಬೇಕು.

ಹೆಚ್ಚಿನವರಿಗೆ ಹೊಂದುವ ಜೋಡಣೆ ಇದು. ಲ್ಯಾಪ್‌ಟಾಪ್‌ನಲ್ಲಿ ಅಸಲಿ. ಮೇಜಿನ ಬಳಿಯ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿ ಒಂದು ಪ್ರತಿ. ಕ್ಲೌಡ್‌ನಲ್ಲೋ ಬೇರೆ ಜಾಗದಲ್ಲಿಟ್ಟ ಇನ್ನೊಂದು ಡಿಸ್ಕ್‌ನಲ್ಲೋ ಮತ್ತೊಂದು ಪ್ರತಿ.

ಇಲ್ಲಿ ಜನ ಮೋಸ ಹೋಗುವುದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನನಗೆ ಬರುವ ಗೋಳಿನಲ್ಲಿ ಅರ್ಧ ಇದೇ.

ಒಂದೇ ಡಿಸ್ಕ್‌ನ ಸಿ ಡ್ರೈವ್‌ನಿಂದ ಡಿ ಡ್ರೈವ್‌ಗೆ ಕಾಪಿ ಮಾಡಿದರೆ ಅದು ಬ್ಯಾಕಪ್ ಅಲ್ಲ. ಒಂದೇ ಡಿಸ್ಕ್ ಅದು, ಸತ್ತರೆ ಎರಡೂ ಹೋಗುತ್ತವೆ.

ಕಂಪ್ಯೂಟರ್‌ನಲ್ಲಿ ಜಾಗ ಸಾಲದೆ ಫೋಟೋಗಳನ್ನೆಲ್ಲ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಸಾಗಿಸಿ, ಇಲ್ಲಿಂದ ಅಳಿಸಿದರೆ ಅದೂ ಬ್ಯಾಕಪ್ ಅಲ್ಲ. ಪ್ರತಿ ಮೊದಲೂ ಒಂದೇ ಇತ್ತು, ಈಗಲೂ ಒಂದೇ. ಮನೆ ಬದಲಾಯಿತು ಅಷ್ಟೆ.

ರೇಡ್, ಅಂದರೆ ಎರಡು ಡಿಸ್ಕ್‌ಗೆ ಒಂದೇ ಡೇಟಾವನ್ನು ಒಟ್ಟಿಗೆ ಬರೆಯುವ ವ್ಯವಸ್ಥೆ, ಹಾಕಿದ ಪೆಟ್ಟಿಗೆ ಒಂದು ಡಿಸ್ಕ್ ಸತ್ತರೆ ಕಾಪಾಡುತ್ತದೆ. ಆದರೆ ನೀವು ಫೈಲ್ ಅಳಿಸಿದರೆ ಎರಡೂ ಡಿಸ್ಕ್‌ನಿಂದ ಅದೇ ಕ್ಷಣ ಅಳಿಸುತ್ತದೆ.

ಸಿಂಕ್ ಕೂಡ ಹಾಗೇ. ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್, ಐಕ್ಲೌಡ್ ಇವೆಲ್ಲ ಕನ್ನಡಿಯ ಹಾಗೆ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಸುತ್ತದೆ. ಗೂಗಲ್ ಡ್ರೈವ್‌ನ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಆಮೇಲೆ ಮಾಯ. ಕಳೆದ ವರ್ಷದ ಫೋಲ್ಡರ್ ಕಾಣೆಯಾಗಿದೆ ಅಂತ ನಿಮಗೆ 30 ದಿನದೊಳಗೆ ಗೊತ್ತಾಗುತ್ತಾ? ನನಗಂತೂ ಗೊತ್ತಾಗುವುದಿಲ್ಲ.

## ಹಂತ 4: ಡಿಸ್ಕ್ ಸಿದ್ಧ ಮಾಡಿ, ಮೊದಲ ಪೂರ್ತಿ ಪ್ರತಿ ತೆಗೆಯಿರಿ

ಹೊಸ ಡಿಸ್ಕ್ ಹಾಕಿದ ಕೂಡಲೇ ಕಾಪಿ ಶುರು ಮಾಡಬೇಡಿ. ಮೊದಲು ಫಾರ್ಮ್ಯಾಟ್, ಅಂದರೆ ಡಿಸ್ಕ್ ಫೈಲ್‌ಗಳನ್ನು ಜೋಡಿಸಿಡುವ ಪದ್ಧತಿ ಯಾವುದು ನೋಡಿ. ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಒಂದೇ ಒಂದು ಫೈಲ್ ಕೂಡ ಅದರಲ್ಲಿ ಕೂರುವುದಿಲ್ಲ. ಉದ್ದದ ವಿಡಿಯೋ ಕಾಪಿ ಆಗದೆ ನಿಂತರೆ ಕಾರಣ ಇದೇ ಇರಬಹುದು. ವಿಂಡೋಸ್ ಮಾತ್ರ ಬಳಸುವವರಿಗೆ ಎನ್‌ಟಿಎಫ್‌ಎಸ್ ಸರಿ. ವಿಂಡೋಸ್, ಮ್ಯಾಕ್ ಎರಡೂ ಇದ್ದರೆ ಎಕ್ಸ್‌ಫ್ಯಾಟ್. ಟೈಮ್ ಮಷೀನ್‌ಗೆ ಡಿಸ್ಕ್ ಕೊಡುವ ಮುಂಚೆ ಅದರಲ್ಲಿರುವುದನ್ನು ಬೇರೆಡೆ ಇಡಿ. ಅದು ಸಾಮಾನ್ಯವಾಗಿ ಡಿಸ್ಕ್ ಅಳಿಸಿ ತನಗೆ ಬೇಕಾದ ಹಾಗೆ ಸಿದ್ಧ ಮಾಡಿಕೊಳ್ಳುತ್ತದೆ.

ಎರಡನೆಯದು ಬೀಗ. ಡಿಸ್ಕ್ ಕಳುವಾದರೆ ನಿಮ್ಮ ಇಡೀ ಬದುಕು ಇನ್ನೊಬ್ಬರ ಕೈಯಲ್ಲಿ. ಮ್ಯಾಕ್‌ನಲ್ಲಿ ಟೈಮ್ ಮಷೀನ್ ಡಿಸ್ಕ್ ಆರಿಸುವಾಗಲೇ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇರುತ್ತದೆ. ವಿಂಡೋಸ್ ಪ್ರೊನಲ್ಲಿ ಬಿಟ್‌ಲಾಕರ್ ಇದೆ. ವಿಂಡೋಸ್ ಹೋಮ್ ಇದ್ದವರು ವೆರಾಕ್ರಿಪ್ಟ್ ಬಳಸಬಹುದು. ಬಿಟ್‌ಲಾಕರ್ 48 ಅಂಕಿಯ ರಿಕವರಿ ಕೀ ಕೊಡುತ್ತದೆ. ಅದನ್ನು ಪ್ರಿಂಟ್ ತೆಗೆದು ಇಡಿ. ಅದೇ ಲ್ಯಾಪ್‌ಟಾಪ್‌ನಲ್ಲಿ ಸೇವ್ ಮಾಡಿದರೆ ಪೆಟ್ಟಿಗೆಯ ಬೀಗದ ಕೈಯನ್ನು ಪೆಟ್ಟಿಗೆಯೊಳಗೇ ಇಟ್ಟು ಮುಚ್ಚಿದ ಹಾಗೆ.

ಈಗ ಕಾಪಿ. ಚಾರ್ಜರ್ ಹಾಕಿ, ಕಂಪ್ಯೂಟರ್ ನಿದ್ದೆಗೆ ಹೋಗದಂತೆ ಸೆಟ್ಟಿಂಗ್ ಬದಲಿಸಿ. ಸೆಕೆಂಡಿಗೆ 100 ಎಂಬಿ ವೇಗದಲ್ಲಿ 500 ಜಿಬಿಗೆ ಸುಮಾರು ಒಂದೂವರೆ ಗಂಟೆ ಬೇಕು. ಹಳೆಯ ಯುಎಸ್‌ಬಿ 2.0 ಪೋರ್ಟ್‌ಗೆ ಹಾಕಿದರೆ ವೇಗ 30 ಎಂಬಿಯ ಆಸುಪಾಸಿಗೆ ಇಳಿಯುತ್ತದೆ, ಆಗ ಐದು ಗಂಟೆ ಹತ್ತಿರ. ಸಣ್ಣ ಸಣ್ಣ ಫೈಲ್‌ಗಳು ಲಕ್ಷಗಟ್ಟಲೆ ಇದ್ದರೆ ಇನ್ನೂ ಜಾಸ್ತಿ.

ಮುಗಿದ ಮೇಲೆ ಮೂಲ ಫೋಲ್ಡರ್, ಪ್ರತಿಯ ಫೋಲ್ಡರ್ ಎರಡರ ಪ್ರಾಪರ್ಟೀಸ್ ತೆರೆದು ಫೈಲ್‌ಗಳ ಸಂಖ್ಯೆ ಹೋಲಿಸಿ. ಸಂಖ್ಯೆ ಸರಿಹೊಂದದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ.

## ಹಂತ 5: ತಾನಾಗಿಯೇ ಆಗುವಂತೆ ಮಾಡಿ, ಹಳೆಯ ಆವೃತ್ತಿ ಉಳಿಸಿ

ನೆನಪಿಟ್ಟು ಮಾಡುವ ಬ್ಯಾಕಪ್ ಮೂರು ವಾರ ನಡೆಯುತ್ತದೆ, ನಾಲ್ಕನೇ ವಾರ ಮರೆತುಹೋಗುತ್ತದೆ. ಹಾಗಾಗಿ ಕೆಲಸ ಸಾಫ್ಟ್‌ವೇರ್‌ಗೆ ಬಿಡಿ. ಫೈಲ್ ಹಿಸ್ಟರಿ ಹಾಗೇ ಬಿಟ್ಟರೆ ಗಂಟೆಗೊಮ್ಮೆ ಪ್ರತಿ ತೆಗೆಯುತ್ತದೆ. ಆದರೆ ಅದು ನೋಡುವುದು ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೆಸ್ಕ್‌ಟಾಪ್‌ನಂಥ ಕೆಲವೇ ಜಾಗಗಳನ್ನು. ಹಂತ 1ರ ಪಟ್ಟಿ ಕೈಯಲ್ಲಿ ಹಿಡಿದು ಉಳಿದ ಫೋಲ್ಡರ್‌ಗಳು ಅದರೊಳಗೆ ಬರುತ್ತವಾ ಅಂತ ನೋಡಿ. ಟೈಮ್ ಮಷೀನ್ ಕಳೆದ 24 ಗಂಟೆಗೆ ಗಂಟೆಗೊಂದು, ಕಳೆದ ಒಂದು ತಿಂಗಳಿಗೆ ದಿನಕ್ಕೊಂದು, ಅದಕ್ಕೂ ಹಿಂದಿನದಕ್ಕೆ ವಾರಕ್ಕೊಂದು ಪ್ರತಿ ಉಳಿಸಿಕೊಳ್ಳುತ್ತದೆ. ಡಿಸ್ಕ್ ತುಂಬಿದಾಗ ಅತಿ ಹಳೆಯದನ್ನು ಅಳಿಸುತ್ತದೆ.

ಹಳೆಯ ಆವೃತ್ತಿ ಯಾಕೆ ಬೇಕು? ಒಂದು ಎಕ್ಸೆಲ್ ಫೈಲ್ ಮೂರು ವಾರದ ಹಿಂದೆ ಕೆಟ್ಟಿದೆ ಅಂದುಕೊಳ್ಳಿ. ನಿಮಗೆ ಗೊತ್ತಾಗಿದ್ದು ಇವತ್ತು. ಬ್ಯಾಕಪ್‌ನಲ್ಲಿ ನಿನ್ನೆಯ ಪ್ರತಿ ಮಾತ್ರ ಇದ್ದರೆ ಅದೂ ಕೆಟ್ಟದ್ದೇ. ಕೆಟ್ಟ ಫೈಲನ್ನೇ ದಿನಾ ನಿಷ್ಠೆಯಿಂದ ಕಾಪಿ ಮಾಡಿದ್ದೀರಿ. ಡುಪ್ಲಿಕಾಟಿಯಂಥ ಸಾಫ್ಟ್‌ವೇರ್‌ನಲ್ಲಿ ಏಳು ದಿನದ್ದು, ನಾಲ್ಕು ವಾರದ್ದು, ಹನ್ನೆರಡು ತಿಂಗಳದ್ದು ಉಳಿಸು ಅಂತ ಹೇಳಬಹುದು. ಸಣ್ಣ ವ್ಯವಹಾರಕ್ಕೆ ಇದು ಧಾರಾಳ ಸಾಕು.

ಒಂದು ಎಚ್ಚರಿಕೆ. ಮಿರರ್ ಅನ್ನುವ ಆಯ್ಕೆ ಕಂಡರೆ ಕೈ ಹಿಂದಕ್ಕೆ ತೆಗೆಯಿರಿ. ಮೂಲದಲ್ಲಿ ಇಲ್ಲದ್ದನ್ನೆಲ್ಲ ಅದು ಬ್ಯಾಕಪ್‌ನಿಂದಲೂ ಅಳಿಸುತ್ತದೆ. ಮೂಲ ಫೋಲ್ಡರ್ ಖಾಲಿಯಾಗಿದ್ದ ದಿನ ಮಿರರ್ ಓಡಿದರೆ ಬ್ಯಾಕಪ್ ಕೂಡ ಖಾಲಿ.

## ಹಂತ 6: ಒಂದು ಪ್ರತಿ ದೂರ, ಒಂದು ಪ್ರತಿ ತಂತಿ ಕಳಚಿ

2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಕೆಲವು ಗ್ರಾಹಕರ ಬ್ಯಾಕಪ್ ಕೂಡ ಅದೇ ಆವರಣದಲ್ಲಿತ್ತು. ಸರ್ವರ್ ಜೊತೆ ಬ್ಯಾಕಪ್ಪೂ ಸುಟ್ಟಿತು. ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಬ್ಯಾಕಪ್ ಡಿಸ್ಕ್ ಇಟ್ಟುಕೊಂಡು ಓಡಾಡುವವರದ್ದೂ ಇದೇ ಕಥೆ. ಬ್ಯಾಗ್ ಹೋದರೆ ಎರಡೂ ಹೋಯಿತು.

ದೂರದ ಪ್ರತಿಗೆ ಕ್ಲೌಡ್ ಸುಲಭ. ಆದರೆ ಮೊದಲ ಅಪ್‌ಲೋಡ್‌ಗೆ ತಾಳ್ಮೆ ಬೇಕು. 10 ಎಂಬಿಪಿಎಸ್ (ಸೆಕೆಂಡಿಗೆ 10 ಮೆಗಾಬಿಟ್, ಅಂದರೆ ಸುಮಾರು 1.25 ಎಂಬಿ) ಅಪ್‌ಲೋಡ್ ವೇಗದಲ್ಲಿ 200 ಜಿಬಿ ಕಳಿಸಲು 44 ಗಂಟೆ ಹಿಡಿಯುತ್ತದೆ, ಅದೂ ನಡುವೆ ನಿಲ್ಲದೆ ಹೋದರೆ. ಮುಖ್ಯವಾದ ಫೋಲ್ಡರ್ ಮೊದಲು ಕಳಿಸಿ, ವಿಡಿಯೋ ಕೊನೆಗೆ. ಉಚಿತ ಜಾಗದ ಮೇಲೆ ಭರವಸೆ ಇಡಬೇಡಿ. ಗೂಗಲ್‌ನಲ್ಲಿ 15 ಜಿಬಿ, ಅದರಲ್ಲೇ ಜಿಮೇಲ್ ಮತ್ತು ಫೋಟೋ ಸೇರಿಕೊಂಡಿವೆ. ಒನ್‌ಡ್ರೈವ್, ಐಕ್ಲೌಡ್‌ನಲ್ಲಿ 5 ಜಿಬಿ. ತುಂಬಿದ ಮೇಲೆ ಹೊಸದು ಹೋಗುವುದು ನಿಂತುಬಿಡುತ್ತದೆ, ನಾವು ಆ ನೋಟಿಫಿಕೇಶನ್ ಅನ್ನು ಸುಮ್ನೆ ಪಕ್ಕಕ್ಕೆ ತಳ್ಳುತ್ತಿರುತ್ತೇವೆ.

ಇನ್ನು ತಂತಿ ಕಳಚುವ ವಿಷಯ. ರಾನ್ಸಮ್‌ವೇರ್, ಅಂದರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್, ಒಳಗೆ ಬಂದರೆ ಕಂಪ್ಯೂಟರ್ ಒಂದಕ್ಕೇ ಬೀಗ ಹಾಕಿ ಬಿಡುವುದಿಲ್ಲ. ಸಿಕ್ಕಿಸಿದ ಎಕ್ಸ್‌ಟರ್ನಲ್ ಡಿಸ್ಕ್, ನೆಟ್‌ವರ್ಕ್‌ನಲ್ಲಿ ಹಂಚಿಕೊಂಡ ಫೋಲ್ಡರ್, ಕಣ್ಣಿಗೆ ಬಿದ್ದದ್ದನ್ನೆಲ್ಲ ಲಾಕ್ ಮಾಡುತ್ತದೆ. ಸದಾ ಸಿಕ್ಕಿಸಿಯೇ ಇರುವ ಡಿಸ್ಕ್ ಆಗ ಲೆಕ್ಕಕ್ಕಿಲ್ಲ. ಅದಕ್ಕೇ ಎರಡು ಡಿಸ್ಕ್ ಅಂದಿದ್ದು. ಒಂದಕ್ಕೆ ಕೆಂಪು ಟೇಪ್, ಇನ್ನೊಂದಕ್ಕೆ ನೀಲಿ ಟೇಪ್ ಅಂಟಿಸಿ. ಈ ವಾರ ಕೆಂಪು ಮೇಜಿನ ಮೇಲೆ, ನೀಲಿ ಬೇರೆ ಜಾಗದಲ್ಲಿ. ಮುಂದಿನ ವಾರ ಅದಲು ಬದಲು. ಎರಡನ್ನೂ ಒಂದೇ ಹೊತ್ತಿಗೆ ಒಂದೇ ಮೇಜಿನ ಮೇಲೆ ಇಡಬೇಡಿ, ಐದು ನಿಮಿಷಕ್ಕೂ ಬೇಡ.

## ಹಂತ 7: ಫೋನ್ ಮರೆಯಬೇಡಿ

ಫೋಟೋಗಳು ಕ್ಲೌಡ್‌ಗೆ ಹೋಗುತ್ತಿವೆ ಅಂತ ಅಂದುಕೊಂಡಿರುತ್ತೀರಿ. ಆ್ಯಪ್ ತೆರೆದು ಕೊನೆಯ ಬ್ಯಾಕಪ್ ಯಾವತ್ತು ಆಗಿದೆ ನೋಡಿ. ವೈಫೈ ಇದ್ದಾಗ ಮಾತ್ರ ಅನ್ನುವ ಆಯ್ಕೆ ಇದ್ದು, ನೀವು ಮೊಬೈಲ್ ಡೇಟಾದಲ್ಲೇ ಇರುವವರಾದರೆ ಏನೂ ಹೋಗಿರುವುದಿಲ್ಲ.

ವಾಟ್ಸ್‌ಆ್ಯಪ್‌ಗೆ ಬೇರೆಯೇ ಬ್ಯಾಕಪ್ ಸೆಟ್ಟಿಂಗ್ ಇದೆ. ಎಂಡ್ ಟು ಎಂಡ್ ಎನ್‌ಕ್ರಿಪ್ಟೆಡ್ ಬ್ಯಾಕಪ್‌ಗೆ ಪಾಸ್‌ವರ್ಡ್ ಅಥವಾ 64 ಅಂಕಿಯ ಕೀ ಇಟ್ಟುಕೊಂಡಿದ್ದು ಅದು ಕಳೆದರೆ, ಹಳೆಯ ಚಾಟ್ ತೆರೆಯಲು ವಾಟ್ಸ್‌ಆ್ಯಪ್ ಕಂಪನಿಯಿಂದಲೂ ಆಗುವುದಿಲ್ಲ.

## ಹಂತ 8: ವಾಪಸ್ ತಂದು ನೋಡಿ

ನನ್ನ ಪ್ರಕಾರ ಇದು ಮಾಡದಿದ್ದರೆ ಮೇಲಿನ ಏಳೂ ಹಂತ ದಂಡ.

2017ರ ಜನವರಿ 31ರಂದು ಸಾಫ್ಟ್‌ವೇರ್ ಕೋಡ್ ಇಡುವ ತಾಣ ನಡೆಸುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಒಬ್ಬ ಎಂಜಿನಿಯರ್ ತಪ್ಪು ಸರ್ವರ್ ಮೇಲೆ ಅಳಿಸುವ ಕಮಾಂಡ್ ಓಡಿಸಿಬಿಟ್ಟರು. ಅಸಲಿ ಡೇಟಾಬೇಸ್ ಹೋಯಿತು. ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಮಾಡಿಕೊಂಡಿದ್ದರು, ಒಂದೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಬ್ಯಾಕಪ್ ಸೋತಿದೆ ಅಂತ ತಿಳಿಸುವ ಇಮೇಲ್‌ಗಳು ಕೂಡ ದಾರಿಯಲ್ಲೇ ತಿರಸ್ಕಾರವಾಗುತ್ತಿದ್ದವು, ಹಾಗಾಗಿ ಯಾರಿಗೂ ಗೊತ್ತಾಗಿರಲಿಲ್ಲ. ಆರು ಗಂಟೆ ಮುಂಚೆ ಯಾವುದೋ ಬೇರೆ ಕೆಲಸಕ್ಕೆ ತೆಗೆದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ಪ್ರತಿ) ಇದ್ದಿದ್ದರಿಂದ ಆರು ಗಂಟೆಯ ನಷ್ಟದಲ್ಲಿ ಪಾರಾದರು. ಇದನ್ನೆಲ್ಲ ಆ ಕಂಪನಿಯೇ ಬಹಿರಂಗವಾಗಿ ಬರೆದುಕೊಂಡಿತು. ಎಂಜಿನಿಯರ್‌ಗಳ ತಂಡವೇ ಇರುವ ಕಡೆ ಹೀಗಾದರೆ, ನಮ್ಮ ಡ್ರಾಯರ್‌ನ ಡಿಸ್ಕ್ ಕಥೆ ಏನು?

ಪರೀಕ್ಷೆ ಹೀಗೆ ಮಾಡಿ. ನಿಮ್ಮ ಲ್ಯಾಪ್‌ಟಾಪ್ ಮುಚ್ಚಿ ಪಕ್ಕಕ್ಕಿಡಿ. ಅದು ಇಲ್ಲವೇ ಇಲ್ಲ ಅಂದುಕೊಳ್ಳಿ. ಬೇರೆ ಕಂಪ್ಯೂಟರ್‌ನಲ್ಲಿ ಬ್ಯಾಕಪ್ ಡಿಸ್ಕ್ ಹಾಕಿ. ಮೂರು ಫೈಲ್ ಹುಡುಕಿ: ನಿನ್ನೆಯದು ಒಂದು, ಆರು ತಿಂಗಳ ಹಿಂದಿನದು ಒಂದು, ಎರಡು ವರ್ಷದ ಹಿಂದಿನದು ಒಂದು. ತೆರೆಯಿರಿ. ಹೆಸರು ಕಂಡಿತು ಅಂತ ಸುಮ್ಮನಾಗಬೇಡಿ. ಫೋಟೋ ಪೂರ್ತಿ ಬರುತ್ತಾ, ಕೆಳಗಿನ ಅರ್ಧ ಬೂದು ಬಣ್ಣವಾಗಿದೆಯಾ ನೋಡಿ. ವಿಡಿಯೋ ಆದರೆ ಕೊನೆಯ ತನಕ ಎಳೆದು ನೋಡಿ.

ನಂತರ ಕ್ಲೌಡ್. ಪಾಸ್‌ವರ್ಡ್ ಎಲ್ಲಿಂದ ತಂದಿರಿ? ಬ್ರೌಸರ್ ನೆನಪಿಟ್ಟುಕೊಂಡಿತ್ತು ಅಂದರೆ ಆ ಬ್ರೌಸರ್ ಇದ್ದದ್ದು ಹೋದ ಲ್ಯಾಪ್‌ಟಾಪ್‌ನಲ್ಲಿ. ಒಟಿಪಿ ಬರುವುದು ಫೋನಿಗೆ. ಫೋನೂ ಅದೇ ಬ್ಯಾಗಿನಲ್ಲಿತ್ತು, ಅಲ್ವಾ? ಎರಡು ಹಂತದ ಭದ್ರತೆ ಇರುವ ಖಾತೆಗಳಲ್ಲಿ ಫೋನ್ ಇಲ್ಲದಾಗ ಒಟಿಪಿ ಬದಲು ಬಳಸುವ ಬ್ಯಾಕಪ್ ಕೋಡ್‌ಗಳನ್ನು ಇಳಿಸಿಕೊಳ್ಳುವ ಆಯ್ಕೆ ಸಾಮಾನ್ಯವಾಗಿ ಇರುತ್ತದೆ. ಅವನ್ನು ಕಾಗದದ ಮೇಲೆ ಬರೆದು, ದೂರದ ಡಿಸ್ಕ್ ಎಲ್ಲಿದೆಯೋ ಅಲ್ಲಿಂದಲೂ ಬೇರೆ ಜಾಗದಲ್ಲಿ ಇಡಿ.

ಮೂರು ತಿಂಗಳಿಗೊಮ್ಮೆ ಈ ಪರೀಕ್ಷೆ ಸಾಕು. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿ.

## ವ್ಯವಹಾರ ನಡೆಸುವವರಿಗೆ ಇನ್ನೂ ನಾಲ್ಕು ಮಾತು

ಲೆಕ್ಕಪತ್ರದ ಸಾಫ್ಟ್‌ವೇರ್ ತೆರೆದಿರುವಾಗ ಅದರ ಡೇಟಾ ಫೋಲ್ಡರ್ ಕಾಪಿ ಮಾಡಿದರೆ ಅರ್ಧಂಬರ್ಧ ಪ್ರತಿ ಬರುತ್ತದೆ. ಅದು ತೆರೆಯಬಹುದು, ತೆರೆಯದೆಯೂ ಇರಬಹುದು. ಆ ಸಾಫ್ಟ್‌ವೇರ್‌ನೊಳಗೇ ಇರುವ ಬ್ಯಾಕಪ್ ಆಯ್ಕೆಯಿಂದ ಫೈಲ್ ತೆಗೆದು, ಆ ಫೈಲನ್ನು ಡಿಸ್ಕ್‌ಗೂ ಕ್ಲೌಡ್‌ಗೂ ಕಳಿಸಿ.

ಬ್ಯಾಕಪ್ ಖಾತೆಗೆ ಬೇರೆಯೇ ಲಾಗಿನ್ ಇರಲಿ. ದಿನದ ಕೆಲಸಕ್ಕೆ ಬಳಸುವ ಖಾತೆಯಿಂದ ಬ್ಯಾಕಪ್ ಅಳಿಸಲು ಸಾಧ್ಯವಾಗಬಾರದು. ಕೆಲಸ ಬಿಟ್ಟವರ ಇಮೇಲ್ ಖಾತೆ ಮುಚ್ಚುವ ಮೊದಲು ಅದರಲ್ಲಿರುವುದನ್ನು ಇಳಿಸಿಕೊಳ್ಳಿ. ಇನ್ನೊಂದು, ಬ್ಯಾಕಪ್ ನೋಡಿಕೊಳ್ಳುವವರು ಒಬ್ಬರೇ ಇದ್ದು ಅವರು ರಜೆಯಲ್ಲಿದ್ದಾಗಲೇ ಸರ್ವರ್ ಕೆಡುವುದು ಮಾಮೂಲು. ವಾಪಸ್ ತರುವ ವಿಧಾನವನ್ನು ಒಂದು ಪುಟದಲ್ಲಿ ಬರೆದು ಇಬ್ಬರಿಗೆ ಕಲಿಸಿ.

## ಈ ಲಕ್ಷಣ ಕಂಡರೆ ತಡ ಮಾಡಬೇಡಿ

ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು. ಫೋಲ್ಡರ್ ತೆರೆಯಲು ಮೊದಲಿಗಿಂತ ತುಂಬಾ ಹೊತ್ತು. ಡಿಸ್ಕ್ ಆಗಾಗ ತಾನೇ ಕಳಚಿ ಮತ್ತೆ ಕಾಣಿಸಿಕೊಳ್ಳುವುದು. ವಿಂಡೋಸ್‌ನಲ್ಲಿ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಹಾಕಿ ನೋಡಿ. ರೀಅಲೊಕೇಟೆಡ್ ಅಥವಾ ಪೆಂಡಿಂಗ್ ಸೆಕ್ಟರ್, ಅಂದರೆ ಡಿಸ್ಕ್‌ನಲ್ಲಿ ಕೆಟ್ಟ ಅಥವಾ ಕೆಡುತ್ತಿರುವ ಜಾಗಗಳ ಸಂಖ್ಯೆ ಏರುತ್ತಿದ್ದರೆ ಡಿಸ್ಕ್ ಬದಲಿಸುವ ಹೊತ್ತು ಬಂದಿದೆ. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗಗಳಿಲ್ಲದ ಚಿಪ್ ಡಿಸ್ಕ್, ಇಂಥ ಸದ್ದು ಮಾಡುವುದಿಲ್ಲ, ಎಷ್ಟೋ ಸಲ ಸೂಚನೆ ಕೊಡದೇ ಹೋಗುತ್ತದೆ. ವರ್ಷಗಟ್ಟಲೆ ಕರೆಂಟ್ ಕೊಡದೆ ಇಟ್ಟರೆ ಅದರಲ್ಲಿರುವುದು ಅಳಿಸಿಹೋಗುವ ಅಪಾಯವೂ ಇದೆ.

ಇನ್ನೊಂದು ಬಗೆಯ ಲಕ್ಷಣ ಬ್ಯಾಕಪ್‌ನ ಗಾತ್ರ. ದಿನಾ ಒಂದಿಷ್ಟು ಎಂಬಿ ಬೆಳೆಯುತ್ತಿದ್ದದ್ದು ಬೆಳೆಯುವುದೇ ನಿಂತರೆ ಬ್ಯಾಕಪ್ ಓಡುತ್ತಿಲ್ಲ. ಒಂದೇ ರಾತ್ರಿ ಹತ್ತರಷ್ಟು ಬೆಳೆದರೆ ನಿಮ್ಮ ಫೈಲ್‌ಗಳೆಲ್ಲ ಒಮ್ಮೆಲೇ ಬದಲಾಗಿವೆ. ಬಹುಶಃ ಯಾರೋ ಲಾಕ್ ಮಾಡುತ್ತಿದ್ದಾರೆ.

## ಹೋಗೇಬಿಟ್ಟರೆ, ಮೊದಲ ಹತ್ತು ನಿಮಿಷ

ತಪ್ಪಿ ಅಳಿಸಿದ್ದರೆ ಆ ಕಂಪ್ಯೂಟರ್‌ನಲ್ಲಿ ಇನ್ನೇನೂ ಸೇವ್ ಮಾಡಬೇಡಿ, ರಿಕವರಿ ಸಾಫ್ಟ್‌ವೇರ್ ಕೂಡ ಅದೇ ಡಿಸ್ಕ್‌ಗೆ ಇನ್‌ಸ್ಟಾಲ್ ಮಾಡಬೇಡಿ. ಎಸ್‌ಎಸ್‌ಡಿಯಲ್ಲಿ ಅಳಿಸಿದ್ದನ್ನು ಹೊರತೆಗೆಯುವುದು ಕಷ್ಟ, ಟ್ರಿಮ್ ಅನ್ನುವ ವ್ಯವಸ್ಥೆ ಅದನ್ನು ಬೇಗ ಗುಡಿಸಿಬಿಡುತ್ತದೆ. ಹಾಗಾಗಿ ನೇರ ಬ್ಯಾಕಪ್ ಕಡೆಗೇ ಹೋಗಿ.

ಫೈಲ್‌ಗಳ ಹೆಸರು ವಿಚಿತ್ರವಾಗಿ ಬದಲಾಗಿ, ಹಣ ಕೇಳುವ ಸಂದೇಶ ಕಂಡರೆ ನೆಟ್‌ವರ್ಕ್ ಕಳಚಿ. ಗಾಬರಿಯಲ್ಲಿ ಬ್ಯಾಕಪ್ ಡಿಸ್ಕ್ ತಂದು ಅದೇ ಕಂಪ್ಯೂಟರ್‌ಗೆ ಸಿಕ್ಕಿಸಬೇಡಿ. ಎಷ್ಟೋ ಜನ ಕೊನೆಯ ಪ್ರತಿಯನ್ನು ಕಳೆದುಕೊಳ್ಳುವುದು ಆ ಕ್ಷಣದಲ್ಲೇ.

ಯಾವುದೇ ಸಂದರ್ಭವಾದರೂ ಬ್ಯಾಕಪ್ ಡಿಸ್ಕ್ ಅನ್ನು ಮೊದಲು ಒಂದು ಶುದ್ಧ ಕಂಪ್ಯೂಟರ್‌ಗೆ ಹಾಕಿ, ಅದರ ಇನ್ನೊಂದು ಪ್ರತಿ ತೆಗೆದುಕೊಳ್ಳಿ. ಈಗ ನಿಮ್ಮ ಹತ್ತಿರ ಇರುವುದು ಅದೊಂದೇ ಇರಬಹುದು. ಆ ಪ್ರತಿ ಪೂರ್ತಿಯಾಗಿ, ಎರಡೂ ಕಡೆಯ ಫೈಲ್ ಸಂಖ್ಯೆ ಸರಿಹೊಂದಿದ ಮೇಲೆ ಮಾತ್ರ ಫೈಲ್ ವಾಪಸ್ ತರುವ ಕೆಲಸ ಶುರು ಮಾಡಿ.